ಮಹಿಳೆಯರ ಸ್ಕೂಬಾ ಉಡುಪು

ನೀರಿನಾಳಕ್ಕೆ ಇಳಿಯುವ ಮಹಿಳೆಯರ ಮೈಕಟ್ಟಿಗೆ ತಕ್ಕಂತೆ ತಯಾರಾಗುವ ವೆಟ್‌ಸೂಟ್, ಬಿಸಿಡಿ ಎಂಬ ತೇಲುಜಾಕೆಟ್, ಮಾಸ್ಕ್, ಫಿನ್ ಮುಂತಾದ ಸಲಕರಣೆಗಳನ್ನು ಒಟ್ಟಾಗಿ ಮಹಿಳೆಯರ ಸ್ಕೂಬಾ ಉಡುಪು ಎಂದು ಕರೆಯಬಹುದು. ಸ್ಕೂಬಾ ಸಲಕರಣೆಗಳು ಮೊದಲು ಗಂಡಸರ ಅಳತೆಯಲ್ಲೇ ರೂಪುಗೊಂಡವು. ಹೆಂಗಸರ ಅಳತೆ ಲೆಕ್ಕಕ್ಕೆ ಬರಲು ದಶಕಗಳೇ ಹಿಡಿದವು. ಈ ಇತಿಹಾಸಕ್ಕೆ ತೀರ ಹತ್ತಿರದ ಒಂದು ಘಟನೆ ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದ ನಂಟುಳ್ಳದ್ದು.

ಹಿನ್ನೆಲೆ

ಸಮುದ್ರದಲ್ಲಿ ಮುಳುಗುವುದು ಹೆಂಗಸರಿಗೆ ಹೊಸತಲ್ಲ. ಜಪಾನಿನ ಅಮಾ ಮತ್ತು ಕೊರಿಯದ ಜೆಜು ದ್ವೀಪದ ಹೆನ್ಯೊ ಮಹಿಳೆಯರು ಸಿಲಿಂಡರ್ ಇಲ್ಲದೆ, ಉಸಿರು ಹಿಡಿದು ಮುಳುಗಿ ಚಿಪ್ಪುಜೀವಿಗಳನ್ನು ಹೆಕ್ಕಿ ತಂದು ಸಂಸಾರ ನಡೆಸಿದವರು. ಹೆನ್ಯೊಗಳು ತೊಡುತ್ತಿದ್ದದ್ದು ಹತ್ತಿಬಟ್ಟೆ. 1970ರ ದಶಕದಲ್ಲಿ ರಬ್ಬರ್ ಉಡುಪು ಬಂದ ಮೇಲೆ ಅವರು ತಣ್ಣೀರಿನಲ್ಲಿ ಹೆಚ್ಚು ಹೊತ್ತು ಇರಲು ಸಾಧ್ಯವಾಯಿತು. ಹೆನ್ಯೊ ಪರಂಪರೆಗೆ 2016ರಲ್ಲಿ ಯುನೆಸ್ಕೊ ಮಾನ್ಯತೆ ದೊರೆಯಿತು.

ಆಧುನಿಕ ಸ್ಕೂಬಾದ ಕಥೆ ಬೇರೆ. 1943ರಲ್ಲಿ ಫ್ರಾನ್ಸಿನ ಝಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾನ್ ಆಕ್ವಾಲಂಗ್ ಎಂಬ ನೀರೊಳಗಿನ ಉಸಿರಾಟದ ಸಾಧನವನ್ನು ರೂಪಿಸಿದರು. 1950ರ ದಶಕದ ಆರಂಭದಲ್ಲಿ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಅಮೆರಿಕದ ನೌಕಾಪಡೆಯ ಮುಳುಗುಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ನಿಯೊಪ್ರೀನ್ ರಬ್ಬರಿನ ವೆಟ್‌ಸೂಟ್ ಬಗ್ಗೆ ಕೆಲಸ ಮಾಡಿದರು. ಸೈನಿಕನ ಮೈಗೆಂದು ಹುಟ್ಟಿದ ಅಳತೆಯೇ ಅಂಗಡಿಗೂ ಬಂತು.

ಮೊದಲ ಮಹಿಳೆಯರು

ಕ್ಯಾಲಿಫೋರ್ನಿಯದ ಡಾಟಿ ಫ್ರೇಜಿಯರ್ 1955ರಲ್ಲಿ ಸ್ಕೂಬಾ ಬೋಧಕಿಯಾದರು. ಅಮೆರಿಕದ ಮೊದಲ ಮಹಿಳಾ ಸ್ಕೂಬಾ ಬೋಧಕಿ ಎಂದು ಅವರನ್ನು ಗುರುತಿಸುತ್ತಾರೆ. ಲಾಂಗ್ ಬೀಚ್‌ನಲ್ಲಿ ಡೈವಿಂಗ್ ಅಂಗಡಿ ನಡೆಸುತ್ತಿದ್ದ ಅವರು ವೆಟ್‌ಸೂಟ್‌ಗಳನ್ನು ತಾವೇ ವಿನ್ಯಾಸ ಮಾಡಿ ತಯಾರಿಸಿದರು. 1970ರಲ್ಲಿ ಸಿಲ್ವಿಯಾ ಅರ್ಲ್ ನೇತೃತ್ವದಲ್ಲಿ ಐವರು ಮಹಿಳೆಯರು ವರ್ಜಿನ್ ದ್ವೀಪಗಳ ಬಳಿ ಟೆಕ್‌ಟೈಟ್ ಎಂಬ ಜಲಾಂತರ ವಸತಿಯಲ್ಲಿ 2 ವಾರ ಉಳಿದು ಸಂಶೋಧನೆ ನಡೆಸಿದರು. ಹೆಂಗಸರಿಗೆ ಈ ಕೆಲಸ ಆಗದು ಎಂಬ ಮಾತಿಗೆ ಅದು ಸ್ಪಷ್ಟ ಉತ್ತರವಾಗಿತ್ತು.

ಅಳತೆ ತಪ್ಪಿದರೆ

ರವಿಕೆ ಹೊಲಿಸುವಾಗ ಎದೆ, ಸೊಂಟ, ತೋಳು, ಬೆನ್ನು ಎಲ್ಲವನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ಗಂಡಸರ ವೆಟ್‌ಸೂಟನ್ನೇ ಚಿಕ್ಕದು ಮಾಡಿ ಕೊಟ್ಟರೆ ಈ ಲೆಕ್ಕವೆಲ್ಲ ತಪ್ಪುತ್ತದೆ: ಎದೆ ಮತ್ತು ನಿತಂಬದ ಬಳಿ ಬಿಗಿ, ಸೊಂಟ ಮತ್ತು ಬೆನ್ನಿನ ಕುಳಿಯ ಬಳಿ ಜೋಲು. ವೆಟ್‌ಸೂಟ್ ಮೈಗೂ ರಬ್ಬರಿಗೂ ನಡುವೆ ತೆಳು ನೀರಿನ ಪದರವನ್ನು ಹಿಡಿದಿಡುತ್ತದೆ. ಆ ನೀರನ್ನು ಮೈಶಾಖ ಬೆಚ್ಚಗಾಗಿಸುತ್ತದೆ. ಜೋಲಿದ ಕಡೆ ತಣ್ಣೀರು ಮತ್ತೆ ಮತ್ತೆ ನುಗ್ಗಿ ಆ ಬೆಚ್ಚಗಿನ ಪದರವನ್ನು ಕೊಚ್ಚಿಕೊಂಡು ಹೋಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಎಳೆದುಕೊಳ್ಳುವುದರಿಂದ ಡೈವರ್ ಬೇಗ ನಡುಗುತ್ತಾಳೆ, ದಣಿಯುತ್ತಾಳೆ.

ಬಿಸಿಡಿ ದೊಡ್ಡದಾದರೆ ಗಾಳಿ ತುಂಬಿದೊಡನೆ ಕಿವಿಯವರೆಗೆ ಏರುತ್ತದೆ. ಸಿಲಿಂಡರ್ ಬೆನ್ನ ಮೇಲೆ ಹೊರಳಾಡಿ ತಲೆಗೆ ತಾಕುತ್ತದೆ. ಬಿಗಿಯಾದರೆ ಎದೆ ಒತ್ತಿ ಉಸಿರಾಟ ಕಷ್ಟವಾಗುತ್ತದೆ. ಹಾಗಾಗಿ ಇಲ್ಲಿ ಅಳತೆ ಅಂದದ ಮಾತಲ್ಲ, ಜೀವರಕ್ಷಣೆಯ ಮಾತು.

ಪ್ರತ್ಯೇಕ ವಿನ್ಯಾಸಗಳು

ಹಳೆಯ ತೇಲು ಉಡುಪು ಕುದುರೆಯ ಕೊರಳಪಟ್ಟಿಯಂತೆ ಕತ್ತಿನಿಂದ ಎದೆಯ ಮೇಲೆ ಇಳಿಬೀಳುತ್ತಿತ್ತು. ಮುಂದೆ ಅದರ ಜಾಗಕ್ಕೆ ಜಾಕೆಟ್ ಬಂತು. ಆಮೇಲೆ ಮಹಿಳೆಯರಿಗೆಂದೇ ಸೀಕ್ವೆಸ್ಟ್‌ನ ಡೀವಾ, ಸ್ಕೂಬಾಪ್ರೊದ ಲೇಡಿಹಾಕ್, ಜೀಗಲ್‌ನ ಜೀನಾ ಮುಂತಾದ ಮಾದರಿಗಳು ಮಾರುಕಟ್ಟೆಗೆ ಬಂದವು. ಗಿಡ್ಡ ಮುಂಡ, ಎದೆಯನ್ನು ಬಳಸಿ ಹೋಗುವ ಬಾಗಿದ ಹೆಗಲಪಟ್ಟಿ, ನಿತಂಬದ ಮೇಲೆ ಭಾರ ಕೂರಿಸುವ ಸೊಂಟಪಟ್ಟಿ ಇಂಥ ಮಾದರಿಗಳ ಲಕ್ಷಣ. ಬಣ್ಣ ಮಾತ್ರ ಗುಲಾಬಿಯಾಗಿ, ಅಳತೆ ಹಳೆಯದೇ ಉಳಿದರೆ ಅದನ್ನು ಮಹಿಳೆಯರ ಉಡುಪು ಎನ್ನಲಾಗದು.

ಹ್ಯೂಸ್ಟನ್ ಘಟನೆ

ಅಳತೆಯ ಈ ತೊಡಕು ಗಗನ ಉಡುಪಿನಲ್ಲೂ ಇದೆ. ಹ್ಯೂಸ್ಟನ್‌ನ ನಾಸಾ ತರಬೇತಿ ಕೇಂದ್ರದಲ್ಲಿ 62 ಮೀ. ಉದ್ದ, 31 ಮೀ. ಅಗಲ, 12 ಮೀ. ಆಳದ ಈಜುಕೊಳವಿದೆ. ಗಗನಯಾನಿಗಳು ಪೂರ್ತಿ ಗಗನ ಉಡುಪು ತೊಟ್ಟು, ಸ್ಕೂಬಾ ಡೈವರ್‌ಗಳ ನೆರವಿನಿಂದ, ಇಲ್ಲಿ ಬಾಹ್ಯಾಕಾಶ ನಡಿಗೆಯ ಅಭ್ಯಾಸ ಮಾಡುತ್ತಾರೆ. ಉಡುಪು ದೊಡ್ಡದಾದಷ್ಟೂ ಒಳಗಿನ ಗಾಳಿ ಹೆಚ್ಚು. ಮೈ ಓರೆಯಾದಾಗ ಗಾಳಿ ಒಂದು ಕಡೆ ಸೇರುತ್ತದೆ, ಒಳಗಿರುವವರು ಇನ್ನೊಂದು ಕಡೆಗೆ ಜಾರುತ್ತಾರೆ. ಹೀಗೆ ಸಣ್ಣ ಮೈಯವರಿಗೆ ತರಬೇತಿಯೇ ಹೆಚ್ಚು ಕಷ್ಟವಾಗುತ್ತದೆ.

2019ರ ಮಾರ್ಚ್ 29ರಂದು ನಾಸಾದ ಗಗನಯಾನಿಗಳಾದ ಆನ್ ಮೆಕ್ಲೇನ್ ಮತ್ತು ಕ್ರಿಸ್ಟಿನಾ ಕಾಕ್ ಜೊತೆಯಾಗಿ ಬಾಹ್ಯಾಕಾಶ ನಡಿಗೆಗೆ ಹೊರಡಬೇಕಿತ್ತು. ಇಬ್ಬರಿಗೂ ಗಗನ ಉಡುಪಿನ ಮಧ್ಯಮ ಅಳತೆಯ ಮುಂಡಭಾಗವೇ ಬೇಕಿತ್ತು. ಬಾಹ್ಯಾಕಾಶ ನಿಲ್ದಾಣದಲ್ಲಿ ಬಳಕೆಗೆ ಸಿದ್ಧವಾಗಿದ್ದದ್ದು ಒಂದೇ. ಮೆಕ್ಲೇನ್ ಬದಲು ನಿಕ್ ಹೇಗ್ ಹೋದರು. ಅದೇ ವರ್ಷ ಅಕ್ಟೋಬರ್ 18ರಂದು ಕಾಕ್ ಮತ್ತು ಜೆಸ್ಸಿಕಾ ಮೀರ್ ಇಬ್ಬರೇ ಮಹಿಳೆಯರ ಮೊದಲ ನಡಿಗೆಯನ್ನು ಪೂರೈಸಿದರು. ಹ್ಯೂಸ್ಟನ್‌ನ ಆಕ್ಸಿಯಮ್ ಸ್ಪೇಸ್ ಸಂಸ್ಥೆ 2023ರಲ್ಲಿ ತೋರಿಸಿದ ಹೊಸ ಚಂದ್ರಯಾನ ಉಡುಪಿನ ಗುರಿ, ಅಮೆರಿಕದ ಗಂಡು ಹೆಣ್ಣುಗಳಲ್ಲಿ ಕನಿಷ್ಠ ಶೇ. 90 ಮಂದಿಗೆ ಹೊಂದುವುದು.

ಟೆಕ್ಸಸ್, ಕರ್ನಾಟಕ

ಹ್ಯೂಸ್ಟನ್‌ನ ಪಶ್ಚಿಮಕ್ಕಿರುವ ಕೇಟಿ ಎಂಬ ಊರಿನ ಡೈವರುಗಳಿಗೆ ಆಸ್ಟಿನ್ ಬಳಿಯ ಟ್ರಾವಿಸ್ ಸರೋವರ ಕಾರಿನಲ್ಲಿ ಹೋಗಿಬರುವ ದೂರದ ಡೈವಿಂಗ್ ತಾಣ. 1992ರಲ್ಲಿ ಸಂರಕ್ಷಿತ ಸಾಗರಧಾಮವಾದ ಫ್ಲವರ್ ಗಾರ್ಡನ್ ಬ್ಯಾಂಕ್ಸ್ ಹವಳದಿಬ್ಬಗಳಿಗೆ ಹೋಗುವುದಾದರೆ ತೀರದಿಂದ 150 ಕಿ.ಮೀ.ಗೂ ಹೆಚ್ಚು ದೂರದ ಬೋಟು ಪ್ರಯಾಣ. ಅಷ್ಟು ದೂರದಲ್ಲಿ ಅಳತೆ ತಪ್ಪಿದ ಉಡುಪನ್ನು ಬದಲಿಸಲಾಗದು. ಕರ್ನಾಟಕದಲ್ಲಿ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪ ಹೆಸರಾದ ಸ್ಕೂಬಾ ತಾಣ. ಅಲ್ಲಿಗೆ ಮೊದಲ ಸಲ ಬರುವವರು ತೊಡುವುದು ಸಾಮಾನ್ಯವಾಗಿ ಡೈವಿಂಗ್ ಕೇಂದ್ರದವರು ಕೊಟ್ಟ ಉಡುಪನ್ನೇ.

ಅಳತೆ ಸರಿಯಿದೆಯೇ ಎಂದು ನೋಡುವ ಪರೀಕ್ಷೆ ಸರಳ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆದರೆ ಅದು ಬೀಳದೆ ಅಂಟಿರಬೇಕು. ಬಿಸಿಡಿಗೆ ಪೂರ್ತಿ ಗಾಳಿ ತುಂಬಿದ ಮೇಲೂ ಎದೆತುಂಬ ಉಸಿರಾಡಲು ಆಗಬೇಕು. ವೆಟ್‌ಸೂಟ್ ತೊಟ್ಟು ಬೆನ್ನಿನ ಕುಳಿಯ ಬಳಿ ಚಿವುಟಿದರೆ ಮಡಿಕೆ ಕೈಗೆ ಸಿಗಬಾರದು. ಈ 3ರಲ್ಲಿ ಒಂದು ತಪ್ಪಿದರೂ ದಡದಲ್ಲೇ ಬೇರೆ ಅಳತೆ ಕೇಳಿ ಪಡೆಯಬೇಕು.