ಮನೆ ವೈರಿಂಗಿನ ಜಾಯಿಂಟ್: ಚರಿತ್ರೆ

ಎರಡು ವೈರುಗಳ ಲೋಹದ ತುದಿಗಳನ್ನು ಕೂಡಿಸಿ, ಮೇಲೆ ನಿರೋಧಕ ಹೊದಿಸಿದ ಜಾಗವೇ ಜಾಯಿಂಟ್. ಅದು ಅಖಂಡ ವೈರಿನಷ್ಟೇ ಗಟ್ಟಿಯಾಗಿರಬೇಕು, ಅಷ್ಟೇ ಸರಾಗವಾಗಿ ಕರೆಂಟು ಹರಿಸಬೇಕು, ಮುಟ್ಟಿದವರಿಗೆ ಅಷ್ಟೇ ನಿರಪಾಯವಾಗಿರಬೇಕು. ಇದರ ಚರಿತ್ರೆ ಮೇಲ್ನೋಟಕ್ಕೆ ಸಾಮಗ್ರಿಗಳದು. ಆದರೆ ಜಾಯಿಂಟುಗಳನ್ನು ಕಡಿಮೆ ಮಾಡುತ್ತ, ಉಳಿದವನ್ನು ಬಿಚ್ಚಿ ನೋಡಬಹುದಾದ ಕಡೆಗೆ ತಂದದ್ದೇ ಅದರ ತಿರುಳು.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಆ ಕಾಲದ ಮನೆಗಳಲ್ಲಿ ಪಿಂಗಾಣಿ ಕ್ಲೀಟುಗಳ ಮೇಲೆ, ಇಲ್ಲವೇ ಮರದ ಕೇಸಿಂಗುಗಳ ಒಳಗೆ ವೈರು ಸಾಗುತ್ತಿತ್ತು. ತುದಿಗಳನ್ನು ಹೆಣೆದು, ಬೆಸುಗೆ ಹಾಕಿ, ರಬ್ಬರ್ ಟೇಪು ಸುತ್ತುವುದು ಕಸುಬುದಾರರ ಕೈಚಳಕ. ಬೆಸುಗೆ ಬೇಡದ ತಿರುಪಿನ ಕನೆಕ್ಟರನ್ನು ಕೆನಡಾದ ವಿಲಿಯಂ ಮಾರ್ 1914ರಲ್ಲಿ ರೂಪಿಸಿದ. ಕ್ರಮೇಣ ಲೂಪಿಂಗ್ ಪದ್ಧತಿ ನೆಲೆಯೂರಿತು: ನಡುದಾರಿಯಲ್ಲಿ ಜಾಯಿಂಟಿಲ್ಲ, ವೈರುಗಳು ಸ್ವಿಚ್ಚು, ಹೋಲ್ಡರುಗಳ ಟರ್ಮಿನಲ್ಲಿನಲ್ಲೇ ಕೂಡುತ್ತವೆ. ಇದಕ್ಕೆ ವೈರು ಹೆಚ್ಚು ಬೇಕೆಂಬ ದೂರು ನಿಜ. ಆದರೆ ಆ ಖರ್ಚು ಒಂದೇ ಸಲದ್ದು; ಗಾರೆಯೊಳಗೆ ಹೂತ ಜಾಯಿಂಟು ಕೆಟ್ಟರೆ ಗೋಡೆಯನ್ನೇ ಒಡೆಯಬೇಕು.

ಸುತ್ತಿ ಟೇಪು ಹಾಕಿದ ಜಾಯಿಂಟುಗಳು ದಶಕಗಟ್ಟಲೆ ನಡೆದಿಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ನಡೆದಿವೆ, ಆದರೆ ಆಗಿನ ಹೊರೆ ಬೇರೆ. 230 ವೋಲ್ಟಿನಲ್ಲಿ 60 ವ್ಯಾಟಿನ ಬಲ್ಬು 0.26 ಆಂಪಿಯರ್ ಎಳೆದರೆ, 2000 ವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, 33 ಪಟ್ಟು ಕರೆಂಟಿಗೆ ಅದೇ ಜಾಯಿಂಟು ಸುಮಾರು 1,100 ಪಟ್ಟು ಶಾಖ ಕಾರುತ್ತದೆ. ಆದರೂ ಕರೆಂಟು ಮಿತಿಯೊಳಗೇ ಇರುವುದರಿಂದ, ಮಿತಿಮೀರಿದಾಗ ಕರೆಂಟು ಕಡಿಯುವ ಎಂಸಿಬಿ ಬೀಳುವುದಿಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಿಡಿಯುವುದು ಸೋರಿಕೆಯನ್ನು, ಬಿಸಿಯನ್ನಲ್ಲ.

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ದೂಧಗಂಗೆಯ ದಂಡೆಯ ದತ್ತವಾಡದಂಥ ಗಡಿ ಊರುಗಳಿಗೆ, ಜಾಯಿಂಟು ಕಡಿಮೆಯಿರಲಿ, ಬಿಚ್ಚಿ ನೋಡುವಂತಿರಲಿ ಎಂಬ ವಾದ ಇನ್ನಷ್ಟು ಸಲ್ಲುತ್ತದೆ. 2005, 2019, 2021ರಲ್ಲಿ ಮಹಾಪೂರ ಈ ತಾಲೂಕನ್ನು ಮುಳುಗಿಸಿತು. ನೀರು ಇಳಿದರೂ ಟೇಪಿನೊಳಗಿನ ತೇವ ಬೇಗ ಆರದು. ತಾಮ್ರ, ಅಲ್ಯೂಮಿನಿಯಂ ವೈರುಗಳನ್ನು ನೇರವಾಗಿ ಹೆಣೆದಿದ್ದರೆ ತೇವಕ್ಕೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಆದ್ದರಿಂದ ಮೇನ್ ಆಫ್ ಮಾಡಿ ಕರೆಂಟಿಲ್ಲವೆಂದು ಟೆಸ್ಟರಿನಿಂದ ಖಚಿತಪಡಿಸಿಕೊಂಡ ಮೇಲೆ, ಲೈಸೆನ್ಸು ಇರುವ ವೈರ್‌ಮನ್ ಕೈಯಲ್ಲಿ, ನೆರೆಮಟ್ಟಕ್ಕಿಂತ ಎತ್ತರದ ಮುಚ್ಚಳದ ಪೆಟ್ಟಿಗೆಯಲ್ಲಿ, ಹೊರೆಗೆ ತಕ್ಕ ಕನೆಕ್ಟರಿನಿಂದ, ಅರ್ಥಿಂಗ್ ತಂತಿಯನ್ನೂ ಕಡಿಯದೆ ಮುಂದುವರಿಸಿ ಮಾಡಿದ್ದೇ ಒಪ್ಪತಕ್ಕ ಜಾಯಿಂಟು.