ಬಣ್ಣ ಹಾಕಿ ಬೆಳಕು ಬಿಟ್ಟರೆ ಕಣ್ಣಿನ ಹುಣ್ಣು ವಾಸಿಯಾಗುತ್ತಾ?

ಕಬ್ಬಿನ ಗರಿ ತಾಗಿಯೋ, ಭತ್ತ ತೂರುವಾಗ ಹೊಟ್ಟು ಸಿಡಿದೋ ಕಣ್ಣಿನ ಕರಿಗುಡ್ಡೆ ಮೇಲೆ ಗಾಯವಾಗುತ್ತದೆ. ನಾಲ್ಕು ದಿನ ಬಿಟ್ಟರೆ ಅದೇ ಹುಣ್ಣು. ಡಾಕ್ಟರು ಇದಕ್ಕೆ ಕಾರ್ನಿಯಾ ಹುಣ್ಣು ಅನ್ನುತ್ತಾರೆ. ವಾಸಿಯಾದ ಮೇಲೂ ಬಿಳಿ ಕಲೆ ಉಳಿದರೆ ನಾವು ಕಣ್ಣಿಗೆ ಹೂವು ಬಿದ್ದಿದೆ ಅನ್ನುತ್ತೇವೆ. ಈ ಹುಣ್ಣಿಗೆ ಬಣ್ಣದ ಹನಿ ಹಾಕಿ, ಮೇಲಿಂದ ಬೆಳಕು ಬಿಡುವ ಚಿಕಿತ್ಸೆಯೊಂದಿದೆ. ಅದನ್ನು ಲೇಸರ್ ಅಂದುಕೊಳ್ಳಬೇಡಿ. ಅದರ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಥೆಯಿದೆ, ಆ ಕಥೆ ಗೊತ್ತಿದ್ದರೆ ಡಾಕ್ಟರ ಹತ್ತಿರ ಏನು ಕೇಳಬೇಕು ಅನ್ನುವುದು ತಿಳಿಯುತ್ತದೆ.

ಜರ್ಮನಿಯ ಮ್ಯೂನಿಕ್ ನಗರ, 1897-98ರ ಚಳಿಗಾಲ. ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ತನ್ನ ಪ್ರೊಫೆಸರ್ ಹರ್ಮನ್ ಫಾನ್ ಟ್ಯಾಪೈನರ್ ಹೇಳಿದಂತೆ, ನೀರಿನಲ್ಲಿರುವ ಸೂಕ್ಷ್ಮಜೀವಿಗಳಿಗೆ ಅಕ್ರಿಡಿನ್ ಎಂಬ ಬಣ್ಣ ಬೆರೆಸಿ ನೋಡುತ್ತಿದ್ದ. ಒಂದು ದಿನ ಬೇಗ ಸತ್ತವು. ಇನ್ನೊಂದು ದಿನ ಅಷ್ಟೇ ಬಣ್ಣ ಹಾಕಿದರೂ ಬಹಳ ಹೊತ್ತು ಬದುಕಿದವು. ಯಾಕೆ? ಆ ಎರಡು ದಿನ ಕೋಣೆಯೊಳಗಿನ ಬೆಳಕು ಒಂದೇ ತರ ಇರಲಿಲ್ಲ, ಗುಡುಗು ಮಳೆಯ ಮೋಡ ಕವಿದಿತ್ತು. ಕತ್ತಲಲ್ಲಿ ಬಣ್ಣವಷ್ಟೇ ಹಾಕಿದರೆ ಅಷ್ಟಾಗಿ ಏನೂ ಆಗುವುದಿಲ್ಲ, ಬರೀ ಬೆಳಕಿನಿಂದಲೂ ಆಗುವುದಿಲ್ಲ, ಎರಡೂ ಸೇರಿದರೆ ಸಾವು. 1900ರಲ್ಲಿ ರಾಬ್ ಇದನ್ನು ಪ್ರಕಟಿಸಿದ.

ಇದಕ್ಕೆ ಆಮ್ಲಜನಕವೂ ಬೇಕು ಅಂತ ಟ್ಯಾಪೈನರ್ ಗುಂಪು ಆಮೇಲೆ ತೋರಿಸಿತು. ಬಣ್ಣ ಬೆಳಕನ್ನು ಹೀರಿ ಆ ಶಕ್ತಿಯನ್ನು ಆಮ್ಲಜನಕಕ್ಕೆ ಕೊಡುತ್ತದೆ. ಹಾಗೆ ಕೆರಳಿದ ಆಮ್ಲಜನಕ ಪಕ್ಕದಲ್ಲಿ ಸಿಕ್ಕಿದ್ದನ್ನು ಸುಡುತ್ತದೆ. ಪಕ್ಕದಲ್ಲಿರುವುದು ಫಂಗಸ್ಸೋ ನಮ್ಮದೇ ಜೀವಕೋಶವೋ ಅಂತ ಅದು ನೋಡುವುದಿಲ್ಲ. ಈ ಚಿಕಿತ್ಸೆಯ ಗುಣ, ಅಪಾಯ ಎರಡೂ ಇಲ್ಲೇ ಇವೆ. 1912ರಲ್ಲಿ ಫ್ರೆಡ್ರಿಕ್ ಮೇಯರ್-ಬೆಟ್ಜ್ ಎಂಬ ಜರ್ಮನ್ ವೈದ್ಯ ಇಂಥದ್ದೇ ವಸ್ತುವನ್ನು 200 ಮಿಲಿಗ್ರಾಂನಷ್ಟು ತನಗೇ ಚುಚ್ಚಿಕೊಂಡು ಬಿಸಿಲಿಗೆ ಹೋದ. ಮುಖ ಗುರುತೇ ಸಿಗದಷ್ಟು ಊದಿಕೊಂಡಿತು. ಪುಣ್ಯಕ್ಕೆ ಬದುಕಿದ.

1970ರ ದಶಕದಲ್ಲಿ ಅಮೆರಿಕದಲ್ಲಿ ಹರ್ಪಿಸ್ ಗುಳ್ಳೆಗಳಿಗೆ ನ್ಯೂಟ್ರಲ್ ರೆಡ್ ಬಣ್ಣ ಹಚ್ಚಿ ಬೆಳಕು ಬಿಡುವುದು ಜನಪ್ರಿಯವಾಯಿತು. ಕಣ್ಣಿನ ಹರ್ಪಿಸ್‌ಗೂ ಪ್ರೊಫ್ಲೇವಿನ್ ಎಂಬ ಬಣ್ಣದಲ್ಲಿ ಪ್ರಯೋಗ ನಡೆದವು. 1973ರಲ್ಲಿ, ಹೀಗೆ ಬೆಳಕಿಗೆ ಸಿಕ್ಕ ವೈರಸ್ ಪ್ರಯೋಗಾಲಯದ ಜೀವಕೋಶಗಳನ್ನು ಕ್ಯಾನ್ಸರ್ ಕಡೆ ತಿರುಗಿಸಬಹುದು ಅನ್ನುವ ವರದಿ ಬಂತು. 1975ರ ಪರೀಕ್ಷೆಯಲ್ಲಿ ನ್ಯೂಟ್ರಲ್ ರೆಡ್‌ನಿಂದ ಪ್ರಯೋಜನವೇ ಕಾಣಲಿಲ್ಲ. ಅಲ್ಲಿಗೆ ಅದರ ಅಬ್ಬರ ಇಳಿಯಿತು.

ಈಗಿನ ಕಣ್ಣಿನ ಚಿಕಿತ್ಸೆ ಬಂದಿದ್ದು ಬೇರೆ ದಾರಿಯಿಂದ. ಜರ್ಮನಿಯದೇ ಡ್ರೆಸ್ಡೆನ್‌ನಲ್ಲಿ, ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚಾಚುವ ಕೆರಟೋಕೋನಸ್ ಕಾಯಿಲೆಗೆ ಹಳದಿ ಬಣ್ಣದ ರೈಬೋಫ್ಲೇವಿನ್ ಹನಿ ಹಾಕಿ ಅರ್ಧ ಗಂಟೆ ಅಲ್ಟ್ರಾವಯೊಲೆಟ್ ಬೆಳಕು ಬಿಟ್ಟರು. ರೈಬೋಫ್ಲೇವಿನ್ ಅಂದರೆ ಬಿ2 ವಿಟಮಿನ್ನೇ. ಕಾರ್ನಿಯಾ ಗಟ್ಟಿಯಾಯಿತು, 2003ರಲ್ಲಿ ಫಲಿತಾಂಶ ಪ್ರಕಟವಾಯಿತು. 2008ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಮದ್ದಿಗೆ ಬಗ್ಗದ ಹುಣ್ಣಿದ್ದ 5 ಜನರಿಗೆ ಇದನ್ನೇ ಮಾಡಿ, ಕಾರ್ನಿಯಾ ಕರಗುವುದು ನಿಂತಿತು ಅಂದರು.

ಆದರೆ ಡ್ರೆಸ್ಡೆನ್‌ ವಿಧಾನಕ್ಕೆ ಒಂದು ಕಟ್ಟುಪಾಡಿತ್ತು: ಕಾರ್ನಿಯಾ ಕನಿಷ್ಠ 400 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತರಲ್ಲಿ ನಾಲ್ಕು ಪಾಲು ದಪ್ಪ ಇರಬೇಕು. ಇಲ್ಲದಿದ್ದರೆ ಬೆಳಕು ಒಳಪದರಕ್ಕೆ ಇಳಿದು ಅಲ್ಲಿನ ಜೀವಕೋಶ ಸುಡುತ್ತದೆ. ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹುಣ್ಣು ಮಾಡುವುದೇ ಕಾರ್ನಿಯಾ ತಿಂದು ತೆಳುವಾಗಿಸುವ ಕೆಲಸ! ಹರ್ಪಿಸ್ ಇದ್ದ ಕಣ್ಣಿಗಂತೂ ಈ ಬೆಳಕು ಮಲಗಿದ್ದ ವೈರಸ್ಸನ್ನು ಎಬ್ಬಿಸಬಹುದು.

ಇದನ್ನು ಗಟ್ಟಿಯಾಗಿ ಪರೀಕ್ಷಿಸಿದ್ದು ನಮ್ಮ ಪಕ್ಕದ ಮಧುರೆಯ ಅರವಿಂದ ಕಣ್ಣಾಸ್ಪತ್ರೆ. ಹೊಲದ ಗಾಯದಿಂದ ಬರುವ ಫಂಗಸ್ ಹುಣ್ಣು ಅಲ್ಲಿ ದಿನನಿತ್ಯದ ಮಾತು. 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆಳಕ್ಕಿಳಿದ ಫಂಗಸ್ ಹುಣ್ಣಿಗೆ ಬೆಳಕು ಬಿಟ್ಟವರಲ್ಲಿ ಕಾರ್ನಿಯಾ ತೂತಾಗುವುದು ಹೆಚ್ಚಾಗಿ, ಪರೀಕ್ಷೆಯನ್ನೇ ಅರ್ಧಕ್ಕೆ ನಿಲ್ಲಿಸಿದರು. 2020ರಲ್ಲಿ ಬಂದ ಇನ್ನೊಂದರಲ್ಲಿ 111 ಫಂಗಸ್ ರೋಗಿಗಳಿದ್ದರು. ಬರೀ ಹನಿ ಮದ್ದು ಪಡೆದವರಿಗಿಂತ, ಹನಿಯ ಜೊತೆ ಬೆಳಕನ್ನೂ ಪಡೆದವರಿಗೆ ಲಾಭವಾಗಲಿಲ್ಲ, ದೃಷ್ಟಿಯೇ ಸ್ವಲ್ಪ ಕಡಿಮೆಯಾಯಿತು. ಸೋತ ಪರೀಕ್ಷೆಯನ್ನು ಮುಚ್ಚಿಡದೆ ಬರೆದರಲ್ಲ, ನಮ್ಮ ರೈತರಿಗೆ ಅದು ದೊಡ್ಡ ಉಪಕಾರ.

ಅಮೆರಿಕದ ಮಯಾಮಿ ವೈದ್ಯರು ರೋಸ್ ಬೆಂಗಾಲ್ ಎಂಬ ಗುಲಾಬಿ ಬಣ್ಣ ಮತ್ತು ಹಸಿರು ಬೆಳಕು ಬಳಸಿದ್ದಾರೆ. 2019ರ ಅವರ ವರದಿಯಲ್ಲಿ 18 ಜನರಲ್ಲಿ ನೂರಕ್ಕೆ 72ರಷ್ಟು ಮಂದಿಗೆ ಸೋಂಕಿಗಾಗಿ ಕಾರ್ನಿಯಾ ಬದಲಿಸುವ ಆಪರೇಷನ್ ತಪ್ಪಿತು. ಅವರಲ್ಲಿ ಹೆಚ್ಚಿನವರದು ಅಕಾಂತಮೀಬಾ ಎಂಬ ಬೇರೆ ಕ್ರಿಮಿ. ಬರೀ ಹನಿ ಮದ್ದಿನ ಗುಂಪಿನ ಜೊತೆ ಹೋಲಿಸಿದ ಲೆಕ್ಕವೂ ಅದಲ್ಲ. ಈ ಬಣ್ಣ ಕಾರ್ನಿಯಾದ ಮೇಲ್ಪದರದಲ್ಲೇ ನಿಲ್ಲುವುದರಿಂದ ಒಳಪದರಕ್ಕೆ ಅಪಾಯ ಕಡಿಮೆ, ಆಳದ ಫಂಗಸ್ಸಿಗೆ ತಲುಪುವುದೂ ಕಡಿಮೆ.

ಹಾಗಾಗಿ ಯಾರಾದರೂ ಈ ಚಿಕಿತ್ಸೆ ಸೂಚಿಸಿದರೆ ಕೇಳಿ: ಹುಣ್ಣು ಕೆರೆದು ಲ್ಯಾಬಿಗೆ ಕಳಿಸಿದ್ದೀರಾ, ಬಂದದ್ದು ಫಂಗಸ್ಸೋ ಬ್ಯಾಕ್ಟೀರಿಯಾನೋ, ಕಾರ್ನಿಯಾ ಎಷ್ಟು ದಪ್ಪ ಉಳಿದಿದೆ, ಹಿಂದೆ ಹರ್ಪಿಸ್ ಆಗಿತ್ತಾ? ಫಂಗಸ್ ಅಂತಾದರೆ ನಾಟಮೈಸಿನ್ ಹನಿಯೇ ಇವತ್ತಿಗೂ ಮೊದಲ ಮದ್ದು. ದಿನವಿಡೀ ಗಂಟೆ ಗಂಟೆಗೆ ಹಾಕಬೇಕಾಗಬಹುದು, ವಾರಗಟ್ಟಲೆ ಹಿಡಿಯುತ್ತದೆ. ಮೆಡಿಕಲ್ ಶಾಪಿನವರು ಕೆಂಪು ಇಳಿಯಲಿ ಅಂತ ಕೊಡುವ ಸ್ಟೆರಾಯ್ಡ್ ಹನಿಯನ್ನು ಮಾತ್ರ ಡಾಕ್ಟರು ನೋಡುವ ಮೊದಲು ಹಾಕಬೇಡಿ. ಫಂಗಸ್ಸಿಗೆ ಅದು ಗೊಬ್ಬರ ಹಾಕಿದ ಹಾಗೆ.