ಪಾಚಿಗೆ ಉಣಿಸಿದ್ದೇನು, ಪಾಚಿ ಕೊಟ್ಟಿದ್ದೇನು

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಜರ್ಮನಿಗೆ ಕೊಬ್ಬಿನ ಬರ ಬಂದಿತ್ತು. ಹೊಲದಲ್ಲಿ ಸಾಲದ ಎಣ್ಣೆಯನ್ನು ನೀರಿನಲ್ಲಿ ಬೆಳೆಯಬಹುದೇ ಎಂದು ರಿಚರ್ಡ್ ಹಾರ್ಡರ್ ಮತ್ತು ಹಾನ್ಸ್ ಫಾನ್ ವಿಚ್ ಡಯಾಟಮ್ ಪಾಚಿಗಳನ್ನು ಪರೀಕ್ಷಿಸಿ 1942ರಲ್ಲಿ ವರದಿ ಮಾಡಿದರು. ನೀರಿನಲ್ಲಿದ್ದ ಸಾರಜನಕ ತೀರುತ್ತ ಬಂದಂತೆ ಜೀವಕೋಶಗಳಲ್ಲಿ ಕೊಬ್ಬು ತುಂಬಿಕೊಳ್ಳುತ್ತಿತ್ತು.

ಈ ಸುಳಿವಿಗೆ ಅಂಕಿಗಳ ಬಲ ಸಿಕ್ಕಿದ್ದು ಅಮೆರಿಕದಲ್ಲಿ. ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಕಾರ್ನೆಗಿ ಸಂಸ್ಥೆಯ ಪ್ರಯೋಗಾಲಯದಲ್ಲಿ ಹರ್ಮನ್ ಸ್ಪೋರ್ ಮತ್ತು ಹೆರಾಲ್ಡ್ ಮಿಲ್ನರ್ ಕ್ಲೋರೆಲ್ಲಾ ಎಂಬ ಹಸಿರು ಪಾಚಿಯನ್ನು ಬಗೆಬಗೆಯ ದ್ರಾವಣಗಳಲ್ಲಿ ಬೆಳೆಸಿ, 1949ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಬ್ಬಿನ ಪಾಲು ಒಂದು ತುದಿಯಲ್ಲಿ ಶೇ 5ರಷ್ಟೂ ಇರಲಿಲ್ಲ. ಇನ್ನೊಂದು ತುದಿಯಲ್ಲಿ ಶೇ 85ನ್ನು ಮುಟ್ಟಿತ್ತು. ಕೊಬ್ಬು ಏರಿದಲ್ಲಿ ಪ್ರೋಟೀನ್ ಇಳಿದಿತ್ತು. ಪಾಚಿ ಅದೇ, ಉಣಿಸು ಬೇರೆ.

ಪ್ರೋಟೀನ್ ಕಟ್ಟಲು ಸಾರಜನಕ ಬೇಕೇ ಬೇಕು. ಕೊಬ್ಬಿಗೂ ಪಿಷ್ಟಕ್ಕೂ ಬೇಡ. ಸಾರಜನಕ ಒದಗಿಸುವ ನೈಟ್ರೇಟ್ ಮುಗಿದರೂ ಬಿಸಿಲಿದ್ದರೆ ಪಾಚಿ ಇಂಗಾಲ ಹೀರುತ್ತಲೇ ಇರುತ್ತದೆ. ಆದರೆ ಕೋಶ ಒಡೆದು ಎರಡಾಗುವುದು ನಿಧಾನವಾಗಿ ನಿಲ್ಲುತ್ತದೆ, ಹೀರಿದ್ದು ಕೊಬ್ಬು, ಪಿಷ್ಟವಾಗಿ ಉಗ್ರಾಣ ಸೇರುತ್ತದೆ. ಎಣ್ಣೆ ಹೆಚ್ಚಿದ ತೊಟ್ಟಿಯಲ್ಲಿ ಬೆಳೆ ಕಡಿಮೆ. ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ನಡೆಸಿದ ಪಾಚಿ ಇಂಧನ ಯೋಜನೆಯನ್ನು ಕಾಡಿದ ತೊಡಕುಗಳಲ್ಲಿ ಇದೂ ಒಂದು.

ಯುದ್ಧ ಮುಗಿದ ಮೇಲೆ ಚಿಂತೆ ಕೊಬ್ಬಿನಿಂದ ಪ್ರೋಟೀನಿನತ್ತ ಹೊರಳಿತು. 1951ರಲ್ಲಿ ಅಮೆರಿಕದ ಕೇಂಬ್ರಿಡ್ಜ್‌ನಲ್ಲಿ ಕಟ್ಟಡವೊಂದರ ತಾರಸಿಯ ಮೇಲೆ ಪ್ಲಾಸ್ಟಿಕ್ ಕೊಳವೆಗಳೊಳಗೆ ಕ್ಲೋರೆಲ್ಲಾ ಹರಿಯಿತು; ಟೋಕಿಯೊದಲ್ಲಿ ಹಿರೋಶಿ ತಮಿಯಾ ತಂಡವೂ ಅದೇ ಪಾಚಿಯ ಹಿಂದೆ ಬಿದ್ದಿತ್ತು. ಪ್ರೋಟೀನ್ ಬೇಕೆಂದರೆ ಸಾರಜನಕವನ್ನು ಕೈಬಿಚ್ಚಿ ಕೊಡಬೇಕು. ಕೊಟ್ಟಷ್ಟೂ ಖರ್ಚು.

ಆ ಖರ್ಚಿನ ಲೆಕ್ಕ ಮೈಸೂರಿಗೂ ಬಂತು. ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, 1970ರ ದಶಕದಲ್ಲಿ ಜರ್ಮನಿಯ ಸಹಯೋಗದಲ್ಲಿ ಪಾಚಿ ಯೋಜನೆಗೆ ಕೈಹಾಕಿತು. ಎಲ್.ವಿ. ವೆಂಕಟರಾಮನ್ ಮತ್ತು ಇ.ಡಬ್ಲ್ಯು. ಬೆಕರ್ ಅದರ ಪ್ರಮುಖರು. ಮೊದಲು ಬೆಳೆಸಿದ ಪಾಚಿ ಸೀನೆಡೆಸ್ಮಸ್‌ನ ಕೋಶಭಿತ್ತಿ ಗಟ್ಟಿ. ಅದು ಜೀರ್ಣವಾಗಬೇಕಾದರೆ ಬಿಸಿ ಉರುಳೆಗಳ ಮೇಲೆ ಒಣಗಿಸಬೇಕಿತ್ತು. ಆಮೇಲೆ ಬಂದ ಸ್ಪಿರುಲಿನಾದ ಭಿತ್ತಿ ಮೆದು. ಎಳೆ ಎಳೆಯಾಗಿ ಬೆಳೆಯುವುದರಿಂದ ಬಟ್ಟೆಯಲ್ಲೇ ಸೋಸಬಹುದು, ಬಿಸಿಲಲ್ಲಿ ಒಣಗಿಸಬಹುದು.

ಸ್ಪಿರುಲಿನಾಕ್ಕೆ ಫ್ರಾನ್ಸ್‌ನಲ್ಲಿ ಝರೂಕ್ 1966ರಲ್ಲಿ ರೂಪಿಸಿದ ದ್ರಾವಣವೇ ಮಾದರಿಯಾಗಿತ್ತು: ಲೀಟರಿಗೆ 16.8 ಗ್ರಾಂ ಅಡುಗೆ ಸೋಡಾ, 2.5 ಗ್ರಾಂ ಸೋಡಿಯಂ ನೈಟ್ರೇಟ್. ಸಿಎಫ್‌ಟಿಆರ್‌ಐ ದ್ರಾವಣವೆಂದೇ ಹೆಸರಾದ ಮೈಸೂರಿನ ಪಾಕದಲ್ಲಿ ಸೋಡಾ 4.5 ಗ್ರಾಂಗೂ ನೈಟ್ರೇಟ್ 1.5 ಗ್ರಾಂಗೂ ಇಳಿಯಿತು. ಇದಕ್ಕಿಂತ ತೀರಾ ಕೈ ಬಿಗಿಹಿಡಿದರೆ ಬಣ್ಣವೇ ಹೇಳಿಬಿಡುತ್ತದೆ. ಹಸಿದ ಸ್ಪಿರುಲಿನಾ ತನ್ನ ನೀಲಿ ಪ್ರೋಟೀನ್ ಫೈಕೋಸಯಾನಿನ್ ಅನ್ನು ಸಾರಜನಕಕ್ಕಾಗಿ ಕರಗಿಸಿಕೊಂಡು ಹಳದಿಗೆ ತಿರುಗುತ್ತದೆ.

ಸ್ಪಿರುಲಿನಾ ಬೆಳೆಗಾರರು ಅಂಜುವ ಈ ಹಸಿವನ್ನೇ ಉಪ್ಪುನೀರಿನ ಪಾಚಿ ಡುನಾಲಿಯೆಲ್ಲಾ ಬೆಳೆಯುವವರು ಬೇಕೆಂದೇ ತರಿಸುತ್ತಾರೆ. 1980ರ ದಶಕದಲ್ಲಿ ಇಸ್ರೇಲ್, ಆಸ್ಟ್ರೇಲಿಯಾಗಳಲ್ಲಿ ಇದರ ಉದ್ಯಮ ಬೇರೂರಿತು. ಉಪ್ಪು ಏರಿ, ಸಾರಜನಕ ಇಳಿದು, ಬಿಸಿಲು ಕಾದರೆ ಹಸಿರು ಕೋಶಗಳು ಕಿತ್ತಳೆಯಾಗುತ್ತವೆ. ಒಣತೂಕದ ಶೇ 10ರಷ್ಟು ಬೀಟಾ ಕ್ಯಾರೋಟಿನ್ ಅವುಗಳಲ್ಲಿ ಸಂಗ್ರಹವಾಗಬಲ್ಲದು.